ಜೀವದ ಜೊತೆಗೆ ಬೆರಳೂ ಉಳಿಯಬೇಕು

ಹಾವು ಕಚ್ಚಿದ ಸುದ್ದಿ ಬಂದಾಗ ಎಲ್ಲರೂ ಮೊದಲು ಕೇಳುವುದು ಬದುಕಿದರೋ ಇಲ್ಲವೋ ಎಂದು. ಅದು ಸಹಜವೇ. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58,000 ಮಂದಿ ಎಂದು 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಅಂದಾಜು ಮಾಡಿತು. ಆದರೆ ಬದುಕಿ ಮನೆಗೆ ಬಂದವರ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಎಷ್ಟೋ ಜನರಿಗೆ ಕಚ್ಚಿದ ಜಾಗ ಊದಿ, ಕಪ್ಪಾಗಿ, ಕೊಳೆತು, ಕೊನೆಗೆ ಬೆರಳನ್ನೋ ಪಾದವನ್ನೋ ತೆಗೆಯಬೇಕಾಗುತ್ತದೆ. ತುಮಕೂರು ಜಿಲ್ಲೆಯ ಗುಬ್ಬಿ, ಕುಣಿಗಲ್ ಕಡೆಯ ದುಡಿಮೆ ಕೈಕಾಲನ್ನೇ ನಂಬಿಕೊಂಡದ್ದು. ತೆಂಗಿನಕಾಯಿ ಸುಲಿಯಬೇಕು, ಅಡಿಕೆ ಆಯಬೇಕು, ರಾಗಿ ಕೊಯ್ಯಬೇಕು, ಮೆದೆ ಒಟ್ಟಬೇಕು. ಬಲಗೈಯ ಎರಡು ಬೆರಳು ಹೋದ ಕೂಲಿಯವರಿಗೆ ಜೀವ ಉಳಿಯಿತೆಂಬ ಸಮಾಧಾನ ಎಷ್ಟು ದಿನ ಅನ್ನ ಹಾಕೀತು? ಕೈಕಾಲಿನ ಈ ನಷ್ಟಕ್ಕೆ ಒಳಗಿನ ಕಾರಣವನ್ನು ಹುಡುಕಿದವರಲ್ಲಿ ಕಿಣ್ವಗಳ ಅಧ್ಯಯನವನ್ನೇ ವೃತ್ತಿ ಮಾಡಿಕೊಂಡ ಕರ್ನಾಟಕದ ಜೀವರಸಾಯನಶಾಸ್ತ್ರಜ್ಞರು ಇದ್ದಾರೆ. ಅವರಲ್ಲಿ ಇಬ್ಬರು ತುಮಕೂರು ವಿಶ್ವವಿದ್ಯಾಲಯದ ಅಧ್ಯಾಪಕರು. ಪಾಠ ಹೇಳುತ್ತಲೇ ಪ್ರಯೋಗಾಲಯ ನಡೆಸುವ ಇಂಥವರ ವೃತ್ತಿ ಜಿಲ್ಲಾ ಕೇಂದ್ರದ ವಿಶ್ವವಿದ್ಯಾಲಯದಲ್ಲಿ ಇರುವುದು ಅನಗತ್ಯ ಖರ್ಚು ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದು ತಪ್ಪು ಎನ್ನುವುದಕ್ಕೆ ಅವರ ಕೆಲಸವೇ ಸಾಕ್ಷಿ.

ಮೊದಲು ವಿಷ ಎಂದರೇನು ಎಂಬುದನ್ನು ನೋಡಬೇಕು. ಹಾವಿನ ವಿಷ ಒಂದೇ ವಸ್ತುವಲ್ಲ, ಹತ್ತಾರು ಬಗೆಯ ಪ್ರೋಟೀನುಗಳು ಸೇರಿದ ದ್ರಾವಣ. ಅವುಗಳಲ್ಲಿ ಬಹಳಷ್ಟು ಕಿಣ್ವಗಳು. ಕಿಣ್ವ ಎಂದರೆ ತಾನು ಖರ್ಚಾಗದೆ ಒಂದು ರಾಸಾಯನಿಕ ಕ್ರಿಯೆಯನ್ನು ಮತ್ತೆ ಮತ್ತೆ, ಬಹು ವೇಗವಾಗಿ ನಡೆಸಿಕೊಡುವ ವಸ್ತು. ಇದು ಜೀವಂತ ಕೋಶದ ಹೊರಗೂ ಕೆಲಸ ಮಾಡುತ್ತದೆ ಎಂದು 1897ರಲ್ಲಿ ಜರ್ಮನಿಯ ಎಡ್ವರ್ಡ್ ಬುಕ್ನರ್ ಯೀಸ್ಟ್ ಅರೆದು ತೆಗೆದ ರಸದಿಂದ ತೋರಿಸಿಕೊಟ್ಟರು, ಅದಕ್ಕೆ 1907ರಲ್ಲಿ ನೊಬೆಲ್ ಬಂತು. ನಾಗರಹಾವು ಮತ್ತು ಕಟ್ಟುಹಾವಿನ ವಿಷದಲ್ಲಿ ನರವನ್ನು ಕಟ್ಟಿಹಾಕುವ ವಸ್ತುಗಳು ಮುಂದಾದರೆ, ಕೊಳಕುಮಂಡಲ ಮತ್ತು ಗರಗಸಮಂಡಲದ ವಿಷದಲ್ಲಿ ಕಿಣ್ವಗಳದೇ ದರ್ಬಾರು. ರಕ್ತ ಹೆಪ್ಪುಗಟ್ಟಿಸುವ ವ್ಯವಸ್ಥೆಯನ್ನು ಅವು ಅಡ್ಡಾದಿಡ್ಡಿ ಚಾಲೂ ಮಾಡಿ, ಹೆಪ್ಪುಗಟ್ಟಲು ಬೇಕಾದ ಫೈಬ್ರಿನೋಜನ್ ಎಂಬ ಪ್ರೋಟೀನನ್ನೇ ಖಾಲಿ ಮಾಡಿಬಿಡುತ್ತವೆ. ತಾಲ್ಲೂಕು ಆಸ್ಪತ್ರೆಯ ವೈದ್ಯರು ಇದನ್ನು ಪತ್ತೆ ಹಚ್ಚುವ ರೀತಿ ಬಹಳ ಸರಳ. ಒಣಗಿದ, ಶುಭ್ರವಾದ ಗಾಜಿನ ನಳಿಕೆಗೆ ರೋಗಿಯ 2 ಮಿಲಿಲೀಟರ್ ರಕ್ತ ಹಾಕಿ, ಅಲುಗಾಡಿಸದೆ 20 ನಿಮಿಷ ಬಿಡುತ್ತಾರೆ. ಆಮೇಲೆ ನಳಿಕೆಯನ್ನು ಓರೆ ಮಾಡಿದಾಗ ರಕ್ತ ಗಟ್ಟಿಯಾಗಿ ನಿಂತರೆ ಸರಿ, ನೀರಿನಂತೆ ಹರಿದರೆ ಮಂಡಲದ ವಿಷ ಒಳಗೆ ಕೆಲಸ ಮಾಡುತ್ತಿದೆ ಎಂದೇ ಲೆಕ್ಕ. ಆ ನಳಿಕೆಯಲ್ಲಿ ಅವರು ಓದುತ್ತಿರುವುದು ಕಿಣ್ವಗಳ ಕರಾಮತ್ತನ್ನೇ.

ವಿಷ ಕಚ್ಚಿದ ಜಾಗದಿಂದ ಅಷ್ಟು ಬೇಗ ಹರಡುವುದಾದರೂ ಹೇಗೆ? ಚರ್ಮದ ಕೆಳಗೆ ಕೋಶಗಳ ನಡುವಿನ ಜಾಗವನ್ನು ಹಯಾಲುರೊನಾನ್ ಎಂಬ ಉದ್ದ ಸರಪಳಿಯ, ಲೋಳೆಯಂಥ ವಸ್ತು ತುಂಬಿಕೊಂಡಿರುತ್ತದೆ. ಅದು ಇರುವಷ್ಟು ಹೊತ್ತು ಹೊರಗಿನ ವಸ್ತು ಸಲೀಸಾಗಿ ನುಗ್ಗಲಾಗದು. 1928ರಲ್ಲಿ ಡ್ಯುರಾನ್-ರೇನಾಲ್ಸ್ ಎಂಬ ವಿಜ್ಞಾನಿ, ಹರಡುವಿಕೆಗೆ ದಾರಿ ಮಾಡಿಕೊಡುವ ವಸ್ತುವೊಂದು ಪ್ರಾಣಿ ಅಂಗಾಂಶದಲ್ಲಿದೆ ಎಂದು ಕಂಡುಕೊಂಡರು. ಮುಂದೆ ಅದು ಹಯಾಲುರೊನಾನನ್ನು ತುಂಡರಿಸುವ ಕಿಣ್ವ, ಅಂದರೆ ಹಯಾಲುರೊನಿಡೇಸ್, ಎಂದು ಗೊತ್ತಾಯಿತು. ನಮ್ಮ ಹಾವುಗಳ ವಿಷದಲ್ಲಿರುವ ಈ ಕಿಣ್ವವನ್ನು ಕೈಗೆತ್ತಿಕೊಂಡವರು ಮೈಸೂರು ವಿಶ್ವವಿದ್ಯಾಲಯದ ಕೆ. ಕೆಂಪರಾಜು ಮತ್ತು ಕೆ. ಎಸ್. ಗಿರೀಶ್. ಇದನ್ನು ಕಣ್ಣಿಗೆ ಕಾಣಿಸುವ ಪರೀಕ್ಷೆ ಬಲು ಸೊಗಸಾದದ್ದು. ಹಯಾಲುರೊನಾನ್ ಬೆರೆಸಿದ ತೆಳ್ಳನೆಯ ಜೆಲ್ ಹಾಳೆಯ ಮೂಲಕ ವಿಷದ ಪ್ರೋಟೀನುಗಳನ್ನು ವಿದ್ಯುತ್ ಹಾಯಿಸಿ ಓಡಿಸುತ್ತಾರೆ. ಗಾತ್ರಕ್ಕೆ ತಕ್ಕಂತೆ ಒಂದೊಂದು ಪ್ರೋಟೀನು ಒಂದೊಂದು ಕಡೆ ನಿಲ್ಲುತ್ತದೆ. ಜೆಲ್ ಅನ್ನು ದೇಹದ ಬಿಸಿಯಲ್ಲಿ, ತಕ್ಕ ದ್ರಾವಣದಲ್ಲಿ ಹಲವು ಗಂಟೆ ಇಟ್ಟು, ಆಮೇಲೆ ನೀಲಿ ಬಣ್ಣ ಹಾಕಿ ತೊಳೆಯುತ್ತಾರೆ. ಹಯಾಲುರೊನಾನ್ ಉಳಿದಲ್ಲೆಲ್ಲ ನೀಲಿ. ಕಿಣ್ವ ಕೂತು ಅದನ್ನು ಕತ್ತರಿಸಿದ ಕಡೆ ಮಾತ್ರ ಬಣ್ಣ ಹಿಡಿಯದ ಬಿಳುಪಾದ ಪಟ್ಟಿ. ನೂರು ಪುಟ ಓದಿದರೂ ಮನಸ್ಸಿಗೆ ಇಳಿಯದ ಸಂಗತಿ ಆ ಪಟ್ಟಿಯನ್ನು ನೋಡಿದ ವಿದ್ಯಾರ್ಥಿಗೆ ಒಮ್ಮೆಲೇ ಇಳಿಯುತ್ತದೆ.

ನಾಗರಹಾವಿನ ವಿಷದಿಂದ ಈ ಕಿಣ್ವವನ್ನು ಬೇರ್ಪಡಿಸಿ ಶುದ್ಧ ಮಾಡಿದ ಕೆಲಸ 2004ರಲ್ಲಿ ಪ್ರಕಟವಾಯಿತು. ಅದರಲ್ಲಿ ಕಂಡ ಮುಖ್ಯ ಸಂಗತಿ ಇದು: ಒಂಟಿಯಾಗಿ ಕೊಟ್ಟರೆ ಹಯಾಲುರೊನಿಡೇಸ್ ವಿಷವೇ ಅಲ್ಲ. ಆದರೆ ಮಾಂಸಖಂಡವನ್ನು ಹಾಳುಮಾಡುವ ಅಥವಾ ರಕ್ತಸ್ರಾವ ಉಂಟುಮಾಡುವ ಬೇರೆ ವಿಷಾಂಶದ ಜೊತೆ ಸೇರಿದರೆ ಆ ಅಂಶದ ಕೇಡು ಹೆಚ್ಚುತ್ತದೆ. ಸಾಯಿಸುವ ಅಂಶವನ್ನಷ್ಟೇ ಹುಡುಕುವವರ ಕಣ್ಣಿಗೆ ಇದು ಬೀಳುವುದೇ ಇಲ್ಲ. ಒಂದೊಂದು ಕಿಣ್ವವನ್ನೂ ಬಿಡಿಬಿಡಿಯಾಗಿ ನೋಡುವ ತಾಳ್ಮೆ ಇದ್ದವರಿಗೇ ಅದು ಕಾಣುವುದು. 2007ರಲ್ಲಿ ಇದೇ ಇಬ್ಬರು ಹಯಾಲುರೊನಾನ್ ಮತ್ತು ಅದನ್ನು ಅಳಿಸುವ ಕಿಣ್ವದ ಬಗ್ಗೆ ಬರೆದ ಸಮೀಕ್ಷಾ ಲೇಖನವನ್ನು ಕ್ಯಾನ್ಸರ್, ಗಾಯ ಮಾಯುವಿಕೆ, ಕೀಲುರೋಗ ಹೀಗೆ ಹಾವಿಗೆ ಸಂಬಂಧವೇ ಇಲ್ಲದ ಕ್ಷೇತ್ರಗಳವರೂ ಇವತ್ತಿಗೂ ಉಲ್ಲೇಖಿಸುತ್ತಾರೆ.

ಗಿರೀಶ್ ಅವರ ವೃತ್ತಿ ಮುಂದುವರಿದದ್ದು ತುಮಕೂರಿನಲ್ಲಿ. ತುಮಕೂರು ವಿಶ್ವವಿದ್ಯಾಲಯ ಹುಟ್ಟಿದ್ದು 2004ರಲ್ಲಿ, ಅಲ್ಲಿಯವರೆಗೆ ಜಿಲ್ಲೆಯ ಕಾಲೇಜುಗಳು ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಹೊಸ ವಿಶ್ವವಿದ್ಯಾಲಯದಲ್ಲಿ ಜೀವರಸಾಯನಶಾಸ್ತ್ರದ ಅಧ್ಯಾಪಕರಾಗುವುದೆಂದರೆ ಏನೆಂದು ಸ್ವಲ್ಪ ಯೋಚಿಸಬೇಕು. ಬೆಳಿಗ್ಗೆ ಎಂ.ಎಸ್ಸಿ. ತರಗತಿಯಲ್ಲಿ 1913ರ ಮೈಕೇಲಿಸ್–ಮೆಂಟೆನ್ ಸಮೀಕರಣ ಬಿಡಿಸಬೇಕು, ಮಧ್ಯಾಹ್ನ ಪ್ರಾಯೋಗಿಕ ತರಗತಿ, ನಡುವೆ ಉತ್ತರಪತ್ರಿಕೆ, ಆಂತರಿಕ ಅಂಕ, ಸಮಿತಿ ಸಭೆ. ಇದೆಲ್ಲ ಮುಗಿದ ಮೇಲೆ ಸಂಶೋಧನೆ. ಅದಕ್ಕೆ ಬೇಕಾದ ಅನುದಾನಕ್ಕೆ ಅರ್ಜಿ ಬರೆಯಬೇಕು, ಮೈನಸ್ 20 ಡಿಗ್ರಿ ಫ್ರೀಜರಿನಲ್ಲಿಟ್ಟ ಮಾದರಿ ಕರೆಂಟು ಹೋದಾಗ ಕೆಡದಂತೆ ಕಾಯಬೇಕು. ಹಣ, ಉಪಕರಣ ಎರಡೂ ಕಡಿಮೆ ಇರುವ ಕಡೆ ಸಂಶೋಧಕ ಮಾಡಬಹುದಾದ ಬುದ್ಧಿವಂತಿಕೆಯ ಆಯ್ಕೆ ಎಂದರೆ ಒಂದು ಗಟ್ಟಿ ಪ್ರಶ್ನೆಯನ್ನು ಹಿಡಿದು ಅದನ್ನು ವರ್ಷಗಟ್ಟಲೆ ಬಿಡದಿರುವುದು, ತಾನು ಬಂದ ಪ್ರಯೋಗಾಲಯದೊಂದಿಗೆ ನಂಟು ಉಳಿಸಿಕೊಳ್ಳುವುದು. ಮೈಸೂರಿನ ಕೆಂಪರಾಜು ಅವರ ತಂಡ, ತುಮಕೂರಿನ ಗಿರೀಶ್ ಮತ್ತು ಎಸ್. ದೇವರಾಜ ಒಟ್ಟಾಗಿ ಮಾಡಿದ್ದು ಇದನ್ನೇ.

ಈ ಪಟ್ಟು ಎಲ್ಲಿಗೆ ತಲುಪಿಸಿತು ಎಂಬುದು 2016ರ ಏಪ್ರಿಲ್‌ನಲ್ಲಿ ‘ನೇಚರ್ ಕಮ್ಯುನಿಕೇಶನ್ಸ್’ ಪತ್ರಿಕೆಯಲ್ಲಿ ಕಾಣಿಸಿತು. ಅಲ್ಲಿ ಎತ್ತಿಕೊಂಡದ್ದು ಗರಗಸಮಂಡಲದ ಕಡಿತ. ಒಣ ಕುರುಚಲು, ಕಲ್ಲುಗುಡ್ಡಗಳಲ್ಲಿ ಇರುವ ಈ ಚಿಕ್ಕ ಹಾವು ಕಚ್ಚಿದರೆ ಆ ಜಾಗದ ಅಂಗಾಂಶ ದಿನಗಟ್ಟಲೆ ನಾಶವಾಗುತ್ತ ಹೋಗುತ್ತದೆ. ಕಾರಣವನ್ನು ಹೆಚ್ಚಾಗಿ ವಿಷದೊಳಗೇ ಹುಡುಕಲಾಗುತ್ತಿತ್ತು. ಈ ತಂಡ ನಮ್ಮ ದೇಹದ ಕಡೆಯೂ ನೋಡಿತು. ಗಾಯವಾದಲ್ಲಿ ಮೊದಲು ಓಡಿಬರುವ ಬಿಳಿ ರಕ್ತಕಣಗಳಿಗೆ ನ್ಯೂಟ್ರೊಫಿಲ್ ಎಂದು ಹೆಸರು. ಅವು ರೋಗಾಣುಗಳನ್ನು ಹಿಡಿಯಲು ತಮ್ಮದೇ ಡಿಎನ್‌ಎಯನ್ನು ಬಲೆಯಂತೆ ಹೊರಗೆ ಚೆಲ್ಲುತ್ತವೆ ಎಂಬುದು 2004ರಲ್ಲಿ ಜರ್ಮನಿಯಲ್ಲಿ ಗೊತ್ತಾಗಿತ್ತು. ಗರಗಸಮಂಡಲದ ವಿಷ ತಾಗಿದಾಗಲೂ ಅವು ಹಾಗೆಯೇ ಬಲೆ ಬಿಡುತ್ತವೆ. ಆ ಬಲೆ ಸಣ್ಣ ರಕ್ತನಾಳಗಳನ್ನು ಮುಚ್ಚುತ್ತದೆ, ವಿಷವನ್ನು ಅಲ್ಲಿಯೇ ಹಿಡಿದಿಡುತ್ತದೆ. ವಿಷ ಒಂದೇ ಕಡೆ ನಿಂತು ಸುತ್ತಲಿನ ಮಾಂಸವನ್ನು ಕರಗಿಸುತ್ತದೆ. ದೇಹವನ್ನು ಕಾಯಲು ಬಂದ ಬಲೆಯೇ ಕೈಗೆ ಮುಳುವಾಗುತ್ತದೆ. ಹಾಗಾದರೆ ಆ ಬಲೆ ಕರಗದೇ ಉಳಿಯುವುದೇಕೆ? ಡಿಎನ್‌ಎ ಕತ್ತರಿಸುವ ಕಿಣ್ವ ಡಿಎನ್‌ಏಸ್. ಗರಗಸಮಂಡಲದ ವಿಷದಲ್ಲಿ ಆ ಕಿಣ್ವದ ಕೆಲಸವೇ ಇಲ್ಲ. ಇಲಿಗಳ ಬಾಲಕ್ಕೆ ವಿಷದ ಜೊತೆ ಡಿಎನ್‌ಏಸ್ ಸೇರಿಸಿ ಚುಚ್ಚಿದಾಗ ಬಲೆ ಕಟ್ಟಲಿಲ್ಲ, ಬಾಲ ಕೊಳೆಯಲಿಲ್ಲ. ನ್ಯೂಟ್ರೊಫಿಲ್‌ಗಳನ್ನು ಮೊದಲೇ ಕಡಿಮೆ ಮಾಡಿದ್ದ ಇಲಿಗಳಲ್ಲೂ ಹಾಗೆಯೇ ಆಯಿತು. ಇನ್ನೂ ಮುಖ್ಯವಾದದ್ದು, ವಿಷ ಕೊಟ್ಟಾದ ಮೇಲೆ ಡಿಎನ್‌ಏಸ್ ಕೊಟ್ಟರೂ ಬಾಲ ಉಳಿಯಿತು. ನಿಜವಾದ ಕಡಿತದಲ್ಲಿ ಔಷಧ ಬರುವುದು ಯಾವತ್ತೂ ವಿಷದ ಹಿಂದೆಯೇ ಅಲ್ಲವೇ?

ಆಸ್ಪತ್ರೆಯಲ್ಲಿ ಎಎಸ್‌ವಿ ಇದೆಯಲ್ಲ, ಇದೆಲ್ಲ ಯಾಕೆ ಬೇಕು ಎಂದು ಕೇಳಬಹುದು. ಎಎಸ್‌ವಿ ಅಂದರೆ ಪ್ರತಿವಿಷ. ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಕೊಟ್ಟು, ಅದರ ರಕ್ತದಲ್ಲಿ ಬೆಳೆದ ಪ್ರತಿಕಾಯಗಳನ್ನು ತೆಗೆದು, ಪೆಪ್ಸಿನ್ ಎಂಬ ಇನ್ನೊಂದು ಕಿಣ್ವದಿಂದ ಕತ್ತರಿಸಿ, ಶುದ್ಧ ಮಾಡಿ ಸೀಸೆಗೆ ತುಂಬುತ್ತಾರೆ. ರಕ್ತದಲ್ಲಿ ಓಡಾಡುವ ವಿಷವನ್ನು ಹಿಡಿಯುವುದರಲ್ಲಿ ಪ್ರತಿವಿಷಕ್ಕೆ ಸಾಟಿಯಾದ ಔಷಧ ಇವತ್ತಿಗೂ ಬೇರೆ ಇಲ್ಲ. ಪ್ರಾಣ ಉಳಿಸುವುದು ಅದೇ. ಆದರೆ ಕಚ್ಚಿದ ಜಾಗದಲ್ಲಿ ಆಗಲೇ ಶುರುವಾದ ಕೊಳೆತವನ್ನು ಅದು ಹಿಂದಕ್ಕೆ ತರಲಾರದು. ರಕ್ತನಾಳವೇ ಮುಚ್ಚಿಹೋದ ಕಡೆಗೆ ರಕ್ತದಲ್ಲಿ ಹಾಕಿದ ಔಷಧ ತಲುಪುವುದಾದರೂ ಹೇಗೆ? ಮೈಸೂರು–ತುಮಕೂರು ತಂಡದ ವಿವರಣೆಯ ಬೆಲೆ ಇರುವುದು ಇಲ್ಲಿ. ಎಷ್ಟು ಸೀಸೆ ಕೊಟ್ಟರೂ ಬೆರಳು ಏಕೆ ಉಳಿಯುವುದಿಲ್ಲ ಎಂಬುದಕ್ಕೆ ಅದೊಂದು ಒಪ್ಪುವಂಥ ಕಾರಣ ಕೊಡುತ್ತದೆ. ಎಲ್ಲಿ ಕೈ ಹಾಕಿದರೆ ಅದನ್ನು ತಡೆಯಬಹುದು ಎಂಬುದನ್ನೂ ತೋರಿಸುತ್ತದೆ.

ಇಲ್ಲಿ ಒಂದು ತಕರಾರು ನ್ಯಾಯವಾಗಿಯೇ ಬರುತ್ತದೆ. ಇಲಿಯ ಬಾಲ ಉಳಿದರೆ ಮನುಷ್ಯನ ಕೈ ಉಳಿದಂತಾಯಿತೇ? ಲೇಖನ ಬಂದು ವರ್ಷಗಳೇ ಕಳೆದವು, ಗುಬ್ಬಿಯ ಆಸ್ಪತ್ರೆಯಲ್ಲಿ ಹಾವು ಕಡಿತಕ್ಕೆ ಡಿಎನ್‌ಏಸ್ ಕೊಡುವ ಕಾಲ ಬಂದಿಲ್ಲ. ಅದಕ್ಕಿಂತ ಗಂಭೀರವಾದ ಪ್ರಶ್ನೆಯೂ ಉಂಟು. ಬಲೆ ವಿಷವನ್ನು ಒಂದೆಡೆ ಹಿಡಿದಿಡುವುದಾದರೆ, ಬಲೆಯನ್ನು ಕರಗಿಸಿದಾಗ ವಿಷ ಮೈತುಂಬ ಹರಡಿ ಜೀವಕ್ಕೇ ಎರವಾಗದೇ? ಈ ಅಪಾಯವನ್ನು ತಳ್ಳಿಹಾಕುವಂತಿಲ್ಲ. ಡಿಎನ್‌ಏಸ್ ಎಂದಾದರೂ ಬಳಕೆಗೆ ಬಂದರೆ ಪ್ರತಿವಿಷದ ಜೊತೆಗೇ ಬರಬೇಕು, ಅದರ ಬದಲಿಗೆ ಅಲ್ಲ. ಮನುಷ್ಯರ ಮೇಲೆ ಕ್ರಮಬದ್ಧ ಪರೀಕ್ಷೆ ಆಗದೆ ಯಾರೂ ಅದನ್ನು ಮುಟ್ಟುವಂತಿಲ್ಲ. ಆದರೆ ದಾರಿ ದೂರವೆಂದ ಮಾತ್ರಕ್ಕೆ ದಾರಿಯೇ ತಪ್ಪು ಎನ್ನಲಾಗದು. ಮಾನವ ಡಿಎನ್‌ಏಸ್ 1993ರಿಂದಲೇ ಅಮೆರಿಕದಲ್ಲಿ ಒಂದು ಶ್ವಾಸಕೋಶದ ಕಾಯಿಲೆಗೆ ಒಪ್ಪಿಗೆ ಪಡೆದ ಔಷಧ, ಕಫದಲ್ಲಿನ ಡಿಎನ್‌ಎ ಕರಗಿಸಲು ಅದನ್ನು ಉಸಿರಿನ ಮೂಲಕ ಕೊಡುತ್ತಾರೆ. ಎಂದರೆ ಹೊಸ ಅಣುವನ್ನು ಶೂನ್ಯದಿಂದ ಕಟ್ಟಬೇಕಾಗಿಲ್ಲ. ವಿಷದ ಇನ್ನೊಂದು ಕಿಣ್ವವಾದ ಫಾಸ್ಫೊಲೈಪೇಸ್ ಎ2 ಅನ್ನು ತಡೆಯುವ ವಾರೆಸ್‌ಪ್ಲಾಡಿಬ್ ಎಂಬ ಔಷಧವನ್ನು ಭಾರತ ಮತ್ತು ಅಮೆರಿಕದ ಆಸ್ಪತ್ರೆಗಳಲ್ಲಿ ಹಾವು ಕಚ್ಚಿದವರಿಗೆ ಕೊಟ್ಟು ನೋಡಿದ್ದಾರೆ. ಎಲ್ಲ ರೋಗಿಗಳನ್ನೂ ಸೇರಿಸಿ ನೋಡಿದಾಗ ಬಯಸಿದ ಫಲ ಸಿಗಲಿಲ್ಲ, ಕಚ್ಚಿದ ಸ್ವಲ್ಪ ಹೊತ್ತಿನಲ್ಲೇ ಔಷಧ ಸಿಕ್ಕವರಲ್ಲಿ ಮಾತ್ರ ಆಸೆ ಹುಟ್ಟಿಸುವ ಸೂಚನೆ ಕಂಡಿತು. ಕಿಣ್ವವನ್ನು ಹಿಡಿದು ಹಾವು ಕಡಿತಕ್ಕೆ ಮದ್ದು ಹುಡುಕುವ ಹಾದಿಯಲ್ಲಿ ಜಗತ್ತೇ ನಡೆಯುತ್ತಿದೆ. ತುಮಕೂರು ಆ ಹಾದಿಯಲ್ಲಿ ಮೊದಲೇ ಇತ್ತು.

ಇನ್ನೊಂದು ತಕರಾರು ಆರೋಗ್ಯ ಇಲಾಖೆಯನ್ನು ಬಲ್ಲವರದು. ಜನ ಸಾಯುತ್ತಿರುವುದು ಕಿಣ್ವದ ಜ್ಞಾನವಿಲ್ಲದೆ ಅಲ್ಲ, ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ಬಾರದೆ ಎನ್ನುತ್ತಾರೆ ಅವರು. ಈ ಮಾತು ಮುಕ್ಕಾಲು ಪಾಲು ನಿಜ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಅದೇ ವರ್ಷ ಕೇಂದ್ರವೂ 2030ರ ಹೊತ್ತಿಗೆ ಸಾವನ್ನು ಅರ್ಧಕ್ಕೆ ಇಳಿಸುವ ರಾಷ್ಟ್ರೀಯ ಯೋಜನೆ ತಂದಿತು. ಆಂಬುಲೆನ್ಸ್, ಔಷಧ ದಾಸ್ತಾನು, ತರಬೇತಾದ ವೈದ್ಯರು ಇವೇ ಮೊದಲು ಬೇಕಾದವು, ಅದರಲ್ಲಿ ಚರ್ಚೆಯಿಲ್ಲ. ಉಳಿದ ಕಾಲು ಪಾಲು ಯಾರದು ಎಂದು ಕೇಳಿದರೆ, ಹೊತ್ತಿಗೆ ಸರಿಯಾಗಿ ಬಂದು, ಪ್ರತಿವಿಷ ಪಡೆದು, ಆದರೂ ಕಾಲು ಕಳೆದುಕೊಂಡವರದು. ಅವರಿಗೆ ಇಲಾಖೆ ಎಷ್ಟೇ ಚುರುಕಾದರೂ ಕೊಡಲು ಹೊಸದೇನಾದರೂ ಕೈಯಲ್ಲಿ ಇರಬೇಕಲ್ಲ.

ಈ ಸಂಶೋಧಕರೇ ಪರೀಕ್ಷಿಸಿದ ಹುಣಸೆಯ ವಿಷಯಕ್ಕೂ ಬರಲೇಬೇಕು, ಏಕೆಂದರೆ ಇಲ್ಲಿ ತಪ್ಪು ತಿಳಿವಳಿಕೆಗೆ ಜಾಗವಿದೆ. ತುಮಕೂರಿನ ಮಾರುಕಟ್ಟೆ ಹುಣಸೆಹಣ್ಣಿಗೆ ಹೆಸರುವಾಸಿ, ಬೀಜ ಬಿಡಿಸಿದ ಹಣ್ಣಿಗೆ ಬೆಲೆ ಜಾಸ್ತಿ, ಬೀಜಕ್ಕೆ ಅಷ್ಟಕ್ಕಷ್ಟೇ. ಹುಣಸೆ ಬೀಜದ ಸಾರ ಹಾವಿನ ವಿಷದ ಹಲವು ಕಿಣ್ವಗಳನ್ನು ತಡೆಯುತ್ತದೆ ಎಂದು 2006ರಲ್ಲಿ ಈ ಬಳಗ ಪ್ರಕಟಿಸಿತು. ಅದಕ್ಕೂ ಮೊದಲು ಮುಟ್ಟಿದರೆ ಮುನಿಯ ಬೇರಿನ ಸಾರದ ಬಗ್ಗೆ ಅಂಥದೇ ಕೆಲಸ ಬಂದಿತ್ತು. 2015ರಲ್ಲಿ ಹುಣಸೆ ಬೀಜದ ಸಾರ ಇಲಿಗಳ ಕೀಲುರೋಗವನ್ನು ಕಡಿಮೆ ಮಾಡುತ್ತದೆ ಎಂಬ ಲೇಖನ ‘ಸೈಂಟಿಫಿಕ್ ರಿಪೋರ್ಟ್ಸ್’ನಲ್ಲಿ ಬಂತು. ಕೀಲಿನಲ್ಲೂ ಹಯಾಲುರೊನಾನ್ ಇದೆ, ಅದನ್ನು ತುಂಡರಿಸುವ ಕಿಣ್ವವೂ ಇದೆ. ಹಾವಿನಿಂದ ಹೊರಟ ಪ್ರಶ್ನೆ ಮಂಡಿನೋವಿನ ಬಳಿ ಬಂದು ನಿಂತದ್ದು ಹೀಗೆ. ಇದನ್ನೋದಿದ ಯಾರಾದರೂ ನಾಟಿ ಔಷಧಿಯೇ ಸಾಕು ಎಂದುಕೊಂಡರೆ ಅದಕ್ಕಿಂತ ದೊಡ್ಡ ಅನಾಹುತ ಬೇರೆ ಇಲ್ಲ. ಪ್ರಯೋಗನಳಿಕೆಯಲ್ಲಿ ವಿಷ ಮತ್ತು ಸಾರವನ್ನು ಅಳೆದು ಬೆರೆಸಿ ನೋಡುವುದೇ ಬೇರೆ, ಕಚ್ಚಿಸಿಕೊಂಡ ಮನುಷ್ಯನಿಗೆ ಬೇರು ತೇದು ಕುಡಿಸುವುದೇ ಬೇರೆ. ಕುಡಿದದ್ದು ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗಬಹುದು, ಎಷ್ಟು ರಕ್ತ ಸೇರಿತೆಂದು ಹೇಳಬಲ್ಲವರಿಲ್ಲ, ಅಷ್ಟು ಹೊತ್ತಿಗೆ ಆಸ್ಪತ್ರೆಗೆ ಹೋಗುವ ಸಮಯ ಮೀರಿರುತ್ತದೆ. ಕಟ್ಟು ಬಿಗಿಯುವುದು, ಕೊಯ್ಯುವುದು, ಬಾಯಲ್ಲಿ ಹೀರುವುದು ಇವೂ ಕೇಡೇ. ಕೈಕಾಲು ಅಲ್ಲಾಡಿಸದೆ ನೇರ ಆಸ್ಪತ್ರೆಗೆ ಹೋಗಬೇಕು. ಗಿಡಮೂಲಿಕೆಯನ್ನು ಪ್ರಯೋಗಾಲಯಕ್ಕೆ ಒಯ್ದ ಅಧ್ಯಾಪಕರು ಮಾಡಿದ ಉಪಕಾರ ಎಂದರೆ ಯಾವ ಕಿಣ್ವ, ಎಷ್ಟು ಪ್ರಮಾಣ, ಯಾವ ಸ್ಥಿತಿ ಎಂಬ ಪ್ರಶ್ನೆಗಳಿಗೆ ಅದನ್ನು ಗುರಿಮಾಡಿದ್ದು. ನಂಬಿಕೆಗೆ ಸರ್ಟಿಫಿಕೇಟ್ ಕೊಡುವುದು ಅವರ ಕೆಲಸವಾಗಿರಲಿಲ್ಲ.

ಕೊನೆಯದಾಗಿ, ಸಂಶೋಧನೆಯನ್ನು ಬೆಂಗಳೂರಿನ ದೊಡ್ಡ ಸಂಸ್ಥೆಗಳಿಗೆ ಬಿಟ್ಟು ಜಿಲ್ಲಾ ವಿಶ್ವವಿದ್ಯಾಲಯ ಪಾಠವನ್ನಷ್ಟೇ ಚೆನ್ನಾಗಿ ಮಾಡಲಿ ಎಂಬ ವಾದ. ಇದಕ್ಕೆ ಉತ್ತರ ಬೆಂಗಳೂರಿನ ಅಂಥ ಒಂದು ಸಂಸ್ಥೆಯ ಕೆಲಸದಲ್ಲೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುಣಗಾರ್ ಅವರ ತಂಡ ತೋರಿಸಿಕೊಟ್ಟಿರುವಂತೆ, ಒಂದೇ ಜಾತಿಯ ಹಾವಿನ ವಿಷ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ. ನಮ್ಮ ಪ್ರತಿವಿಷಕ್ಕೆ ಬೇಕಾದ ವಿಷದ ಬಹುಪಾಲು ಬರುವುದು 1978ರಲ್ಲಿ ಶುರುವಾದ ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ. ಆ ಒಂದೇ ಮೂಲದ ವಿಷಕ್ಕೆ ತಯಾರಾದ ಔಷಧ ಎಲ್ಲ ಕಡೆಯ ಹಾವಿಗೂ ಸಮನಾಗಿ ತಾಕುವುದಿಲ್ಲ. ಈ ಸಂಶೋಧನೆ ದೊಡ್ಡ ಸಂಸ್ಥೆಯದೇ. ಅದರಿಂದ ಹೊರಡುವ ತೀರ್ಮಾನ ಮಾತ್ರ ತುಮಕೂರಿನ ಪರವಾಗಿದೆ. ವಿಷ ಸ್ಥಳೀಯವಾಗಿ ಬದಲಾಗುವುದಾದರೆ ಅದನ್ನು ನೋಡುವ ಕಣ್ಣುಗಳೂ ಸ್ಥಳೀಯವಾಗಿ ಇರಬೇಕು. ಪಾಠದ ಮಾತಿಗೆ ಬಂದರೆ, ಕಿಣ್ವವನ್ನು ಕೈಯಾರೆ ಶುದ್ಧಮಾಡಿ ಅದರ ವೇಗ ಅಳೆದ ಅಧ್ಯಾಪಕ ಹೇಳುವ ಪಾಠಕ್ಕೂ ಗೈಡು ನೋಡಿ ಹೇಳುವ ಪಾಠಕ್ಕೂ ಇರುವ ಅಂತರ ವಿದ್ಯಾರ್ಥಿಗಳಿಗೆ ಮೊದಲ ವಾರವೇ ತಿಳಿಯುತ್ತದೆ. 2016ರ ಲೇಖನದ ಲೇಖಕರ ಪಟ್ಟಿಯಲ್ಲಿ ಕೆಸ್ತೂರು, ಸೋಮನಾಥಪುರ, ಗೋಪಾಲಪುರ ಎಂದು ಹೆಸರಿನ ಮುಂದೆ ಊರನ್ನು ಹಚ್ಚಿಕೊಂಡವರಿದ್ದಾರೆ. ಈ ಹೆಸರುಗಳು ಅಂಥ ಪತ್ರಿಕೆಯಲ್ಲಿ ಅಚ್ಚಾಗಿರುವುದರ ಹಿಂದೆ ರಾಜ್ಯದ ವಿಶ್ವವಿದ್ಯಾಲಯಗಳ ಸಂಶೋಧನಾ ಕೊಠಡಿಗಳಿವೆ.

ಮುಂದಿನ ಕೆಲಸವೂ ಕಣ್ಣೆದುರೇ ಇದೆ. ಹಾವು ಕಡಿತದ ವರದಿ ಕಡ್ಡಾಯವಾದ ಮೇಲೆ ಗುಬ್ಬಿ, ಕುಣಿಗಲ್ ತಾಲ್ಲೂಕು ಆಸ್ಪತ್ರೆಗಳಲ್ಲಿ ಯಾವ ಹಾವು, ಎಷ್ಟು ಹೊತ್ತಿಗೆ ಬಂದರು, 20 ನಿಮಿಷದ ಪರೀಕ್ಷೆ ಏನು ಹೇಳಿತು ಎಂಬ ವಿವರ ದಾಖಲಾಗಬೇಕು. ಅದರ ಜೊತೆ ಬೆರಳು, ಕಾಲು ಉಳಿಯಿತೇ ಎಂಬ ಒಂದು ಕಾಲಂ ಸೇರಿಸಲು ಹೆಚ್ಚಿನ ಹಣ ಬೇಕಿಲ್ಲ. ರೋಗಿಯ ಒಪ್ಪಿಗೆ ಮತ್ತು ನೈತಿಕ ಸಮಿತಿಯ ಅನುಮತಿಯೊಂದಿಗೆ ಉಳಿದ ರಕ್ತದ ಮಾದರಿ ವಿಶ್ವವಿದ್ಯಾಲಯದ ಜೀವರಸಾಯನ ವಿಭಾಗಕ್ಕೆ ತಲುಪಿದರೆ, ಇಲಿಯ ಬಾಲದಲ್ಲಿ ಕಂಡ ಡಿಎನ್‌ಎ ಬಲೆ ಮನುಷ್ಯರ ರಕ್ತದಲ್ಲೂ ಗುರುತು ಬಿಟ್ಟಿದೆಯೇ, ಕೈ ಕಳೆದುಕೊಂಡವರಲ್ಲಿ ಅದು ಹೆಚ್ಚಿದೆಯೇ ಎಂದು ಅಳೆಯಬಹುದು. ಅಳೆಯುವ ವಿಧಾನ ಗೊತ್ತಿರುವ ಅಧ್ಯಾಪಕರು ಅದೇ ಜಿಲ್ಲೆಯಲ್ಲಿ ಪಾಠ ಹೇಳುತ್ತಾ ಬಂದಿದ್ದಾರೆ. ಆಸ್ಪತ್ರೆಯನ್ನೂ ಪ್ರಯೋಗಾಲಯವನ್ನೂ ಬೆಸೆಯುವ ಒಂದು ಸರ್ಕಾರಿ ಆದೇಶ, ಮಾದರಿ ಸಾಗಿಸಲು ಒಂದು ತಂಪುಪೆಟ್ಟಿಗೆ, ಇಬ್ಬರು ಸಂಶೋಧನಾ ವಿದ್ಯಾರ್ಥಿಗಳ ಫೆಲೋಶಿಪ್ ಇಷ್ಟು ಸಿಕ್ಕರೆ ಕೆಲಸ ಶುರು ಮಾಡಬಹುದು.